ಹಿಂದಿನಿಂದ ಬರಬಾರದಿತ್ತು

"ಏನೂ ಆಗಿಲ್ಲ, ಏನೂ ಆಗಿಲ್ಲ! ಮೊದಲು ಚಪ್ಪಲಿ ಬಿಡು, ಆಮೇಲೆ ಬಾಯಿ ಬಿಡು!" ಎಂದಳು ಅತ್ತೆ, ಸೊಸೆ ಇನ್ನೂ ಹೊಸ್ತಿಲು ದಾಟುವ ಮೊದಲೇ.

ಏನೂ ಆಗದ ಮನೆಯಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ಸೊಸೆಗೆ ಅದು ಗೊತ್ತಿತ್ತು. ಬಟ್ಟೆ ಕಾರ್ಖಾನೆಯಲ್ಲಿ ಒಂಬತ್ತು ಗಂಟೆ ನಿಂತೇ ಇದ್ದು, ಹೊಲಿದು ಬಂದ ಅಂಗಿಗಳನ್ನು ಒಂದೊಂದಾಗಿ ತಿರುಗಿಸಿ ತಪ್ಪು ಹುಡುಕುವ ಕೆಲಸ ಅವಳದು. ಗುಂಡಿ ಸಡಿಲವಿದ್ದರೆ, ಹೊಲಿಗೆ ಒಂದು ಎಳೆ ಜಾರಿದ್ದರೆ, ಆ ಜಾಗಕ್ಕೊಂದು ಕೆಂಪು ಸ್ಟಿಕ್ಕರ್ ಅಂಟಿಸಿ ವಾಪಸ್ ಕಳಿಸಬೇಕು. ದಿನಕ್ಕೆ ಎಂಟುನೂರು ಅಂಗಿ ನೋಡಿದ ಕಣ್ಣಿಗೆ ಮನೆಗೆ ಬಂದ ಮೇಲೆ ಏನನ್ನೂ ನೋಡುವ ಆಸೆ ಇರುವುದಿಲ್ಲ. ಹಾಗೆಂದು ಬಚ್ಚಲಿನಲ್ಲಿ ನಲ್ಲಿ ಸುರಿಯುತ್ತಿರುವ ಸದ್ದು ಕೇಳಿಯೂ ಕೇಳದಂತೆ ಇರಲು ಆಗುತ್ತದೆಯೇ? ಅವಳು ಚಪ್ಪಲಿ ಬಿಡದೆಯೇ ಒಳಗೆ ಹೋದಳು.

ಹದಿನಾರು ವರ್ಷದ ಮಗಳು ಶಾಲೆಯ ಸಮವಸ್ತ್ರದ ತೋಳು ಮಡಚಿ, ಬಲಗೈಯನ್ನು ನೀರಿಗೆ ಒಡ್ಡಿ ನಿಂತಿದ್ದಳು. ಬೆರಳ ಗೆಣ್ಣುಗಳ ಚರ್ಮ ಕಿತ್ತು ಬಂದಿತ್ತು. ಬಕೆಟ್ಟಿನ ನೀರು ಕೆಂಪಗಾಗಿತ್ತು.

"ಅಯ್ಯೋ! ಯಾರ ರಕ್ತ ಇದು?"

"ನಂದು ಸ್ವಲ್ಪ" ಎಂದಳು ಮಗಳು, ತಿರುಗದೆಯೇ. "ಉಳಿದದ್ದು ಅವಳದ್ದು."

"ಯಾರದ್ದೇ?"

"ಬಸ್ ಡ್ರೈವರ್ ಅಂಕಲ್ ಮಗಳದ್ದು."

ಒಂದನೇ ತರಗತಿಯಿಂದ ಒಂದೇ ಬೆಂಚಿನಲ್ಲಿ ಕೂತವರು ಇಬ್ಬರೂ. ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳು ಊಟ ಬಿಡುತ್ತಿದ್ದಳು.

"ಏನಾಯ್ತು? ಜಗಳಾನಾ?"

"ಜಗಳ ಏನಿಲ್ಲ. ನಾನು ಕಾರಿಡಾರಲ್ಲಿ ನಿಂತಿದ್ದೆ. ಅವಳು ಸದ್ದಿಲ್ಲದೆ ಬಂದು ಹಿಂದಿನಿಂದ ನನ್ನ ಕಣ್ಣು ಮುಚ್ಚಿದ್ಲು. ನಾನು ಹೊಡೆದೆ. ದವಡೆ ಮುರಿದಿದೆಯಂತೆ." ಮಗಳು ನಲ್ಲಿ ನಿಲ್ಲಿಸಿದಳು. ಅವಳ ಧ್ವನಿಯಲ್ಲಿ ಅಳುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. "ತಪ್ಪು ಅವಳದ್ದೇ ಅಮ್ಮ. ಹಿಂದಿನಿಂದ ಬರಬಾರದಿತ್ತು."

ಆ ಮಾತು ಕೇಳಿದ್ದೇ ತಾಯಿ ಬಚ್ಚಲ ಮಣೆಯ ಮೇಲೆ ಕೂತುಬಿಟ್ಟಳು. ದವಡೆ ಮುರಿದ ಸುದ್ದಿಗಿಂತ ಆ ಮಾತೇ ಅವಳನ್ನು ಹೆಚ್ಚು ಹೆದರಿಸಿತು. ಏಕೆಂದರೆ ಈ ಮಾತನ್ನು ಇದೇ ಮನೆಯಲ್ಲಿ, ಇದೇ ಮಗಳ ಬಾಯಿಂದ ಅವಳು ಮೂರು ವರ್ಷದ ಹಿಂದೆ ಒಮ್ಮೆ ಕೇಳಿದ್ದಳು. ಆಗ ಏಟು ಹೊಡೆದವಳು ಮಗಳಲ್ಲ... ಏಟು ತಿಂದವಳು!

ಆ ಕಥೆಯನ್ನು ಹೇಳಲೇಬೇಕು, ಎಷ್ಟೇ ಬೇಸರವಾದರೂ. ಮನೆಯ ಯಜಮಾನ ಸೈನ್ಯದಲ್ಲಿದ್ದವನು. ಮದುವೆಯಾಗಿ ಹದಿನೆಂಟು ವರ್ಷವಾದರೂ, ರಜೆಗಳನ್ನೆಲ್ಲ ಕೂಡಿಸಿದರೆ ಅವನು ಮನೆಯಲ್ಲಿದ್ದದ್ದು ಮೂರು ವರ್ಷವೂ ಆಗಲಿಕ್ಕಿಲ್ಲ. ಮೊದಮೊದಲು ರಜೆಗೆ ಬಂದರೆ ಮಗಳನ್ನು ಹೆಗಲ ಮೇಲಿಂದ ಇಳಿಸುತ್ತಿರಲಿಲ್ಲ. ಆಮೇಲೆ ಯಾವುದೋ ಕಾಳಗ ಆಯಿತು, ಜೊತೆಗಿದ್ದವರಲ್ಲಿ ಏಳು ಜನ ತಿರುಗಿ ಬರಲಿಲ್ಲ, ಬಂದವನೂ ಪೂರ್ತಿ ಬರಲಿಲ್ಲ. ಅದರ ಬಗ್ಗೆ ಅವನು ಬಾಯಿ ಬಿಟ್ಟವನಲ್ಲ. ಮನೆಯವರೇ ಕಲಿತುಕೊಂಡರು. ಬಾಗಿಲು ಧಡಾರೆಂದು ಹಾಕಬಾರದು. ಅವನ ಕುರ್ಚಿಯ ಹಿಂದೆ ಓಡಾಡಬಾರದು. ಕುಕ್ಕರ್ ಕೂಗುವ ಮೊದಲು, "ಈಗ ಕೂಗುತ್ತೆ ರೀ" ಎಂದು ಹೇಳಬೇಕು. ಅವನಿರುವ ಕೋಣೆಗೆ ಹೋಗುವಾಗ ಹೊಸ್ತಿಲಲ್ಲೇ ನಿಂತು ಕೆಮ್ಮಬೇಕು. ಈ ಮನೆಯವರಿಗೆಲ್ಲ ಗಂಟಲು ರೋಗ ಎಂದು ಅಕ್ಕಪಕ್ಕದವರು ಮಾತಾಡಿಕೊಳ್ಳುತ್ತಿದ್ದರು. ಅಷ್ಟಕ್ಕೇ ಬಿಟ್ಟರಲ್ಲ, ಪುಣ್ಯ!

ಕೆಮ್ಮುವ ಕಟ್ಟಳೆ ಬಂದದ್ದು ಮಾತ್ರ ಒಂದು ಮಧ್ಯಾಹ್ನದ ನಂತರ. ಹದಿಮೂರು ವರ್ಷದ ಮಗಳು ರಜೆಯಲ್ಲಿದ್ದ ಅಪ್ಪನನ್ನು ಚಹಾಕ್ಕೆ ಎಬ್ಬಿಸಲು ಹೋದಳು. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವನ ಭುಜ ಅಲುಗಿಸಿದಳು, ಅಷ್ಟೇ. ಅವನಿಗೆ ಎಚ್ಚರವಾಗುವ ಮೊದಲೇ ಅವನ ಕೈಗೆ ಎಚ್ಚರವಾಗಿತ್ತು. ಮಗುವಿನ ಮಣಿಕಟ್ಟು ಎರಡು ಕಡೆ ಮುರಿಯಿತು.

ಅವನು ಗಡಿಗೆ ಹೊರಡಲು ನಾಲ್ಕೇ ದಿನ ಉಳಿದಿತ್ತು. ಬ್ಯಾಂಡೇಜು ಕಟ್ಟಿಸಿಕೊಂಡು ಬಂದ ಮೊಮ್ಮಗಳನ್ನು ಅಜ್ಜಿ ತೊಡೆಯ ಮೇಲೆ ಕೂರಿಸಿಕೊಂಡು ತಲೆ ಸವರುತ್ತ ಹೇಳಿಕೊಟ್ಟಳು: "ನೋಡು ಪುಟ್ಟಿ, ಇದು ನಿಮ್ಮಪ್ಪನ ತಲೆಯಲ್ಲಿ ಕೂತರೆ ಅಲ್ಲಿ ಅವನ ಕೈ ನಡುಗುತ್ತೆ. ಕೈ ನಡುಗಿದರೆ ಅವನು ತಿರುಗಿ ಬರಲ್ಲ. ಹೋಗಿ ಹೇಳು, ತಪ್ಪು ನಂದೇ ಅಂತ." ಮಗು ಹೋಯಿತು. ಹೊಸ್ತಿಲಲ್ಲಿ ನಿಂತು ಒಮ್ಮೆ ಕೆಮ್ಮಿತು. "ತಪ್ಪು ನಂದೇ ಅಪ್ಪ. ಹಿಂದಿನಿಂದ ಬರಬಾರದಿತ್ತು" ಎಂದಿತು. ಅಪ್ಪ ಅವಳ ತಲೆಯ ಮೇಲೆ ಕೈಯಿಟ್ಟು, "ಜಾಣೆ" ಎಂದ. ಅಡುಗೆಮನೆಯಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡ ತಾಯಿ, ಶಾಲೆಗೆ ರಜೆ ಚೀಟಿ ಬರೆದಳು: ಮೆಟ್ಟಿಲಿಂದ ಬಿದ್ದು ಕೈ ಮುರಿದಿದೆ, ದಯವಿಟ್ಟು ಹದಿನೈದು ದಿನ ರಜೆ ಕೊಡಬೇಕಾಗಿ ವಿನಂತಿ.

ಅಲ್ಲಿಂದಾಚೆ ಮಗಳು ಬದಲಾದಳು. ಸಾಲಿನಲ್ಲಿ ಅವಳನ್ನು ತಳ್ಳಿದವನ ಕನ್ನಡಕ ಒಡೆಯಿತು. ಅಡ್ಡಹೆಸರಿಟ್ಟವಳ ಜಡೆ ಅವಳ ಕೈಗೆ ಬಂತು. ಬೀದಿಯವರು ಅವಳಿಗೆ 'ದಂಡನಾಯಕಿ' ಎಂದು ಹೆಸರಿಟ್ಟರು, ಅವಳು ಬರುವಾಗ ತಮಾಷೆಗೆ ಸೆಲ್ಯೂಟ್ ಹೊಡೆದರು. ಶಾಲೆಯಲ್ಲಿ ಪ್ರತಿಸಲವೂ, "ಪಾಪ, ಯೋಧನ ಮಗಳು, ತಂದೆ ದೂರ ಇದ್ದಾರೆ" ಎಂದು ಬಿಟ್ಟುಬಿಟ್ಟರು. ದೇಶ ಕಾಯುವವನ ಮನೆಗೆ ಮರ್ಯಾದೆ ಕೊಡಬೇಕಲ್ಲ! ಆ ಮರ್ಯಾದೆಯ ಜೊತೆಗೆ ಯಾರಾದರೂ ಒಂದು ಪ್ರಶ್ನೆಯನ್ನೂ ಕೇಳಿದ್ದರೆ ಎಷ್ಟೋ ಚೆನ್ನಾಗಿತ್ತು.

ನಾಲ್ಕು ತಿಂಗಳ ಹಿಂದೆ ಅಪ್ಪ ನಿವೃತ್ತನಾಗಿ ಪೂರ್ತಿಯಾಗಿ ಮನೆಗೆ ಬಂದಿದ್ದ. ಈಗ ಹಿತ್ತಲಲ್ಲಿ ಬೂಟು ಪಾಲಿಶ್ ಮಾಡುತ್ತ ಕೂತಿದ್ದವನು ಬ್ರಷ್ಷು ಹಿಡಿದೇ ಬಚ್ಚಲ ಬಾಗಿಲಿಗೆ ಬಂದ. ಎಲ್ಲ ಕೇಳಿಸಿಕೊಂಡ.

"ಎಷ್ಟು ಏಟು?" ಎಂದ.

"ಮೂರು" ಎಂದಳು ಮಗಳು.

"ಹೂಂ" ಎಂದು ಹಿತ್ತಲಿಗೆ ಹೋದ. ಕತ್ತಲಾಗುವವರೆಗೂ ಒಂದೇ ಬೂಟಿನ ಒಂದೇ ಜಾಗವನ್ನು ಉಜ್ಜುತ್ತಿದ್ದ.

ಮರುದಿನ ತಾಯಿ ಅರ್ಧ ದಿನ ರಜೆ ಹಾಕಿ ಆಸ್ಪತ್ರೆಗೆ ಹೋದಳು. ಏನು ಮುಖ ಹೊತ್ತು ಹೋದಳೋ ಅವಳಿಗೇ ಗೊತ್ತು! ಹುಡುಗಿಯ ಮೇಲಿನ ಹಲ್ಲು ಕೆಳಗಿನ ಹಲ್ಲು ಸೇರಿಸಿ ತಂತಿಯಿಂದ ಬಿಗಿದಿದ್ದರು. ಇನ್ನು ಆರು ವಾರ ಬಾಯಿ ತೆರೆಯುವಂತಿಲ್ಲ, ಸ್ಟ್ರಾದಲ್ಲಿ ಹೀರಿ ಕುಡಿಯುವುದೇ ಊಟ. ಮುಖ ಒಂದು ಕಡೆ ಊದಿ ಕಣ್ಣು ಮುಚ್ಚಿಹೋಗಿತ್ತು. ಗೆಳತಿಯ ತಾಯಿಯನ್ನು ಕಂಡು ಆ ಹುಡುಗಿ ದಿಂಬಿನ ಪಕ್ಕದ ನೋಟ್‌ಬುಕ್ ತೆಗೆದು ಏನೋ ಬರೆದು ತೋರಿಸಿದಳು. 'ಅವಳ ಕೈ ಹೇಗಿದೆ ಆಂಟಿ?'

ತಾಯಿಗೆ ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ವಾರ್ಡಿನ ಹೊರಗೆ ಬಂದುಬಿಟ್ಟಳು. ಹಿಂದೆಯೇ ಬಸ್ ಡ್ರೈವರನ ಹೆಂಡತಿ ಬಂದಳು. ರಾತ್ರಿಯೆಲ್ಲ ನಿದ್ದೆಯಿಲ್ಲದ ಮುಖ.

"ಅಕ್ಕಾ, ಅಳಬೇಡಿ. ನೀವು ಅತ್ತರೆ ನಾನು ಬೈಯೋಕೂ ಆಗಲ್ಲ" ಎಂದಳು ಅವಳು. "ಸಿಟ್ಟಲ್ಲಿ ಕೊಯ್ದ ಮೂಗು ಶಾಂತವಾದಾಗ ಬರುತ್ತಾ? ಆಗಿದ್ದು ಆಯ್ತು. ಮಕ್ಕಳು, ಏನೋ ಆಗೋಯ್ತು ಅಂತ ನಮ್ಮನೆಯವರಿಗೆ ನಾನೇ ಸಮಾಧಾನ ಹೇಳ್ತಿದ್ದೆ. ಆದರೆ ತಪ್ಪು ನನ್ನ ಮಗಳದ್ದೇ ಅಂತಾಳಂತಲ್ಲ ನಿಮ್ಮ ಮಗಳು! ಹೆಡ್‌ಮಿಸ್ ಮುಂದೆ ನಿಂತು ಹಾಗಂದ್ಲಂತೆ! ಇದನ್ನ ಹೇಗಕ್ಕಾ ನುಂಗಿಕೊಳ್ಳಲಿ?"

"ಅವಳಿಗೆ ನಾನು ಹೇಳ್ತೀನಿ..."

"ಹೇಳಿ. ಶನಿವಾರ ಹತ್ತು ಗಂಟೆಗೆ ಶಾಲೆಯಲ್ಲಿ ವಿಚಾರಣೆ ಇಟ್ಟಿದ್ದಾರೆ. ತಪ್ಪಾಯ್ತು ಅನ್ನೋ ಒಂದು ಮಾತು ಅವಳ ಬಾಯಿಂದ ಬರಲಿ, ಮನಸ್ಸಿಂದ ಬರಲಿ. ಬರಲಿಲ್ಲ ಅಂದರೆ ನಮ್ಮನೆಯವರು ಸೀದಾ ಪೊಲೀಸ್ ಸ್ಟೇಷನ್ನಿಗೆ ಹೋಗ್ತಾರೆ. ರಿಮ್ಯಾಂಡ್ ಹೋಂಗೆ ಹೋಗಲಿ ಅಂತಾರೆ. ನಾನು ತಡೆಯಲ್ಲ ಅಕ್ಕಾ. ನಂಗೂ ಒಬ್ಬಳೇ ಮಗಳು."

ಮನೆಗೆ ಬಂದ ತಾಯಿ ಮಗಳ ಕೈಗೆ ಮುಲಾಮು ಹಚ್ಚುತ್ತ ಬೇಡಿಕೊಂಡಳು. ಒಂದು ಮಾತು, ಒಂದೇ ಒಂದು ಮಾತು ಹೇಳಿಬಿಡು ಮಗಳೇ ಎಂದಳು. ಮಗಳು ಬೆರಗಾಗಿ ಅವಳ ಮುಖ ನೋಡಿದಳು. ಆ ನೋಟದಲ್ಲಿ ಹಟವಿದ್ದಿದ್ದರೆ ತಾಯಿ ಎರಡೇಟು ಬಿಗಿಯುತ್ತಿದ್ದಳೋ ಏನೋ. ಹಟವಿರಲಿಲ್ಲ, ನಿಜವಾದ ಗೊಂದಲವಿತ್ತು.

"ಸುಳ್ಳು ಹೇಳಲಾ ಅಮ್ಮ?"

"ಸುಳ್ಳೇನೇ ಇದರಲ್ಲಿ? ಹೊಡೆದವಳು ನೀನಲ್ವಾ?"

"ಹೊಡೆದವರದ್ದು ತಪ್ಪಾ? ಹಾಗಾದರೆ ಅವತ್ತು ನಾನು ಅಪ್ಪನ ಹತ್ರ ಹೋಗಿ ತಪ್ಪು ನಂದು ಅಂದೆನಲ್ಲ, ಅದು ಸುಳ್ಳಾ? ಅಜ್ಜಿ ಹೇಳಿಕೊಟ್ರು, ನೀನು ಅಲ್ಲೇ ಇದ್ದೆ. ನೀನೂ ಏನೂ ಅನ್ನಲಿಲ್ಲ."

ಮುಲಾಮಿನ ಮುಚ್ಚಳ ಹಾಕುವುದು ತಾಯಿಗೆ ಮರೆತೇ ಹೋಯಿತು. ದಿನಕ್ಕೆ ಎಂಟುನೂರು ಅಂಗಿಯಲ್ಲಿ ತಪ್ಪು ಹುಡುಕುವವಳು! ಹೊಟ್ಟೆಯಲ್ಲಿ ಹುಟ್ಟಿದ ಮಗಳ ಎದೆಯಲ್ಲಿ ಮೂರು ವರ್ಷದಿಂದ ಒಂದು ಹೊಲಿಗೆ ತಿರುಗುಮುರುಗಾಗಿ ಬಿದ್ದಿತ್ತು. ಅದು ಬೀಳುವಾಗ ತಾನೂ ನೋಡುತ್ತ ನಿಂತಿದ್ದಳು.

ಶುಕ್ರವಾರ ಸಂಜೆ ಅಡುಗೆಮನೆಯಲ್ಲಿ ಅವಳು ಅತ್ತೆಗೆ ಹೇಳಿದಳು, "ಅತ್ತೆ, ನಾಳೆ ನಾನು ಎಲ್ಲ ಹೇಳಿಬಿಡ್ತೀನಿ."

ಅತ್ತೆ ತರಕಾರಿ ಹೆಚ್ಚುತ್ತಿದ್ದ ಈಳಿಗೆಮಣೆಯಿಂದ ಎದ್ದೇಬಿಟ್ಟಳು. "ಏನು ಹೇಳ್ತೀಯ? ನಿನ್ನ ಗಂಡ ಮಗಳ ಕೈ ಮುರಿದ ಅಂತಲಾ? ಒಂದನೇ ತಾರೀಖಿಂದ ಅದೇ ಶಾಲೆಯಲ್ಲಿ ಅವನಿಗೆ ಡ್ರಿಲ್ ಮೇಷ್ಟ್ರು ಕೆಲಸ. ನಾಲ್ಕು ತಿಂಗಳಾದ ಮೇಲೆ ಮೊದಲನೇ ಸಲ ಅವನು ನಗ್ತಾ ಇದ್ದಾನೆ, ನೋಡಿದ್ದೀಯಾ? ಮಕ್ಕಳ ಕೈ ಮುರಿಯೋನಿಗೆ ಯಾರು ಮಕ್ಕಳನ್ನ ಒಪ್ಪಿಸ್ತಾರೆ? ಮನೆ ಮಾತನ್ನ ಬೀದಿಗೆ ಹಾಕ್ತಾಳಂತೆ! ನೂಲಿನಂತೆ ಸೀರೆ, ತಾಯಿಯಂತೆ ಮಗಳು. ಅವಳಿಗೆ ಕೈ ಮುಂದು, ನಿನಗೆ ಬಾಯಿ ಮುಂದು!"

"ಮೂರು ವರ್ಷದಿಂದ ಬಾಯಿ ಮುಚ್ಚಿಕೊಂಡೇ ಇದ್ದೀನಿ ಅತ್ತೆ."

"ಮೂರು ವರ್ಷ!" ಅತ್ತೆ ನಕ್ಕಳು. ಅದು ನಗುವಿನ ಹಾಗೆ ಇರಲಿಲ್ಲ. "ನಿನ್ನ ಮಾವನೂ ಬಂದೂಕು ಹಿಡಿದೋರೇ. ಯುದ್ಧ ಮುಗಿಸಿಕೊಂಡು ಬಂದ ವರ್ಷ ನನ್ನ ಎರಡು ಹಲ್ಲು ಉದುರಿಸಿದ್ರು. ಏನು ತಪ್ಪು ಮಾಡಿದ್ದೆ ಅಂದ್ಕೊಂಡೆ? ಕೈಯಿಂದ ಒಂದು ತಟ್ಟೆ ಜಾರಿ ಬಿದ್ದು ಸದ್ದಾಯ್ತು, ಅಷ್ಟೇ! ನಾನು ಯಾರ ಮುಂದಾದರೂ ಬಾಯಿ ಬಿಟ್ಟೆನಾ? ಆ ಎರಡು ಹಲ್ಲಿನ ಜಾಗದಲ್ಲಿ ನಾಲಿಗೆ ಇಟ್ಟುಕೊಂಡೇ ನಿನ್ನ ಗಂಡನನ್ನ ಸಾಕಿದೆ. ಅವನು ಕೆಟ್ಟೋನಾದನಾ? ಹೇಳು, ಕೆಟ್ಟೋನಾದನಾ?"

ಸೊಸೆ ಅತ್ತೆಯ ಬಾಯನ್ನೇ ನೋಡಿದಳು. ಮದುವೆಯಾಗಿ ಇಷ್ಟು ವರ್ಷ ಅತ್ತೆಯ ಬಾಯಿಗೆ ಹೆದರಿದ್ದಳೇ ಹೊರತು, ಆ ಬಾಯೊಳಗೆ ಏನಿತ್ತು ಎಂದು ನೋಡಿರಲಿಲ್ಲ. ಸಿಟ್ಟು ಬರುವ ಬದಲು ಅವಳಿಗೆ ಸುಮ್ಮನೆ ಸುಸ್ತಾಯಿತು. ಆ ಮುದುಕಿಯನ್ನು ತಬ್ಬಿಕೊಂಡು ಅಲ್ಲೇ ನೆಲದ ಮೇಲೆ ಮಲಗಿಬಿಡೋಣ ಎನ್ನಿಸಿತು.

ತಿರುಗಿ ನೋಡಿದರೆ ಬಾಗಿಲಲ್ಲಿ ಗಂಡ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ ಇಬ್ಬರಿಗೂ ತಿಳಿಯಲಿಲ್ಲ. ಮನೆಯವರೆಲ್ಲ ಕೆಮ್ಮಬೇಕು, ಅವನು ಮಾತ್ರ ಬೆಕ್ಕಿನ ಹಾಗೆ ಬರುತ್ತಿದ್ದ.

"ನಾಳೆ ನಾನು ಮಾತಾಡ್ತೀನಿ" ಎಂದ. "ನೀನು ಸುಮ್ಮನಿರು. ನನ್ನ ಯೂನಿಫಾರ್ಮ್ ಇಸ್ತ್ರಿ ಮಾಡಿಡು. ಮೆಡಲ್ಲುಗಳನ್ನೂ ತೆಗೆದಿಡು."

ಅವಳು ಇಸ್ತ್ರಿ ಮಾಡಿದಳು. ಕಾಲರಿನಿಂದ ಶುರುಮಾಡಿ ತೋಳಿನ ಮಡಿಕೆಯವರೆಗೆ, ಎಂದಿನ ಹಾಗೆ, ಒಂದು ಸುಕ್ಕೂ ಬಿಡದೆ ಮಾಡಿದಳು.

ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ಆರು ಕುರ್ಚಿ ಹಾಕಿದ್ದರು. ಒಂದು ಕಡೆ ಬಸ್ ಡ್ರೈವರ್, ಅವನ ಹೆಂಡತಿ. ಡ್ರೈವರ್ ಬೆಳಗಿನ ಪಾಳಿ ಮುಗಿಸಿ ಖಾಕಿ ಅಂಗಿಯಲ್ಲೇ ಬಂದಿದ್ದ. ಇನ್ನೊಂದು ಕಡೆ ಇವರು ಮೂವರು. ಅಜ್ಜಿ ಬಂದಿರಲಿಲ್ಲ. ಎದೆಯ ಮೇಲೆ ಮೆಡಲ್ಲುಗಳನ್ನು ಹಾಕಿಕೊಂಡಿದ್ದ ಯೋಧ ಒಳಗೆ ಬಂದಾಗ ಮುಖ್ಯೋಪಾಧ್ಯಾಯಿನಿ ತಾವೇ ಎದ್ದು ನಿಂತರು. ಡ್ರೈವರ್ ಕೂಡ ಅರ್ಧ ಎದ್ದವನು, ತಾನೇಕೆ ಏಳುತ್ತಿದ್ದೇನೆ ಎಂದು ನೆನಪಾಗಿ ಮತ್ತೆ ಕೂತ.

"ನೋಡಮ್ಮಾ" ಎಂದರು ಮುಖ್ಯೋಪಾಧ್ಯಾಯಿನಿ ಹುಡುಗಿಗೆ. ಒರಟು ಹೆಂಗಸಲ್ಲ ಅವರು. "ಇಲ್ಲಿ ಯಾರಿಗೂ ನಿನ್ನ ಜೀವನ ಹಾಳುಮಾಡೋ ಆಸೆ ಇಲ್ಲ. ಆಗಿದ್ದಕ್ಕೆ ಏನು ಹೇಳ್ತೀಯ?"

ಹುಡುಗಿ ನೆಟ್ಟಗೆ ನಿಂತಳು. "ಅವಳಿಗೆ ಬೇಗ ವಾಸಿಯಾಗಲಿ ಮಿಸ್. ಆದರೆ ತಪ್ಪು ನಂದಲ್ಲ. ಹಿಂದಿನಿಂದ ಬರಬಾರದಿತ್ತು."

"ನೋಡಿದ್ರಾ? ನೋಡಿದ್ರಾ ಮೇಡಂ?" ಡ್ರೈವರ್ ಎದ್ದು ನಿಂತ. "ಸಾಕು. ಇನ್ನು ಮಾತು ಬೇಡ. ನಾನು ಸ್ಟೇಷನ್ನಿಗೆ ಹೋಗ್ತೀನಿ."

"ಒಂದು ನಿಮಿಷ ಕೂತ್ಕೊಳ್ಳಿ" ಎಂದು ಮುಖ್ಯೋಪಾಧ್ಯಾಯಿನಿ ಎದುರಿಗಿದ್ದ ಫೈಲು ತಿರುಗಿಸಿದರು. "ಈ ಹುಡುಗಿ ಮೊದಲು ಹೀಗಿರಲಿಲ್ಲ. ಏಳನೇ ಕ್ಲಾಸಿನವರೆಗೂ ಒಂದು ದೂರಿಲ್ಲ. ಮೂರು ವರ್ಷದ ಹಿಂದೆ ಮೆಟ್ಟಿಲಿಂದ ಬಿದ್ದು ಕೈ ಮುರಿದುಕೊಂಡು ಬಂದಳಲ್ಲ, ಆಮೇಲೆ ಬದಲಾದಳು ಅಂತ ಕ್ಲಾಸ್ ಟೀಚರ್ ಬರೆದಿದ್ದಾರೆ. ಅವತ್ತು ತಲೆಗೇನಾದರೂ ಪೆಟ್ಟಾಗಿತ್ತಾ?"

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಯೋಧ ತಕ್ಷಣ ಹೇಳಿದ, "ಆಗಿರಬಹುದು ಮೇಡಂ. ಬಿದ್ದ ರಭಸಕ್ಕೆ ಆಗಿರಬಹುದು. ಡಾಕ್ಟರಿಗೆ ತೋರಿಸ್ತೀವಿ."

ಎಷ್ಟು ಸುಲಭವಾಗಿತ್ತು! ತಲೆಗೆ ಪೆಟ್ಟು, ಒಂದು ಸ್ಕ್ಯಾನು, ಒಂದು ಔಷಧದ ಚೀಟಿ. ಡ್ರೈವರನ ಹೆಂಡತಿ ಕೂಡ, ಹಾಗಿದ್ದರೂ ಇರಬಹುದೇನೋ ಎಂಬಂತೆ ಗಂಡನ ತೋಳು ಹಿಡಿದು ಕೂರಿಸಿದಳು. ತಾಯಿ ಫೈಲಿನಲ್ಲಿದ್ದ ಹಳೆಯ ಚೀಟಿಯನ್ನು ನೋಡಿದಳು. ತನ್ನದೇ ಅಕ್ಷರ. ದುಂಡಗೆ, ನೀಟಾಗಿ ಬರೆದಿದ್ದಳು. ಮಗಳು ಪಕ್ಕದಲ್ಲಿ ಶಾಂತವಾಗಿ ನಿಂತಿದ್ದಳು, ಪಾಠ ಒಪ್ಪಿಸಿ ಮುಗಿಸಿದವಳ ಹಾಗೆ. ಇವತ್ತು ಇವಳು ಇಲ್ಲಿಂದ ಬಚಾವಾದರೆ ನಾಳೆ ಇನ್ನೊಂದು ದವಡೆ, ನಾಡಿದ್ದು ಇನ್ನೊಂದು ಕಣ್ಣು... ಒಂದು ದಿನ ಇವಳಿಗೂ ಒಂದು ಮಗು ಹುಟ್ಟುತ್ತದೆ. ಆ ಮಗು ಹಿಂದಿನಿಂದ ಬಂದು ಇವಳ ಕೊರಳು ತಬ್ಬುತ್ತದೆ!

"ನಮ್ಮನೆಗೆ ಮೆಟ್ಟಿಲೇ ಇಲ್ಲ ಮೇಡಂ" ಎಂದಳು ತಾಯಿ.

ಮುಖ್ಯೋಪಾಧ್ಯಾಯಿನಿ ಫೈಲಿನಿಂದ ತಲೆಯೆತ್ತಿದರು.

"ಏನಂದ್ರಿ?"

"ಒಂದೇ ಅಂತಸ್ತಿನ ಬಾಡಿಗೆ ಮನೆ. ಬಾಗಿಲ ಮುಂದೆ ಒಂದು ಕಲ್ಲು ಇದೆ, ಗೇಣು ಎತ್ತರದ್ದು. ಅದರಿಂದ ಬಿದ್ದರೆ ಯಾರ ಕೈಯೂ ಮುರಿಯಲ್ಲ. ಆ ಚೀಟಿ ಸುಳ್ಳು. ನಾನೇ ಬರೆದದ್ದು. ಅವಳು ಅವರಪ್ಪನ್ನ ನಿದ್ದೆಯಿಂದ ಎಬ್ಬಿಸೋಕೆ..."

"ಬಾಯಿ ಮುಚ್ಚು!"

ಯೋಧ ಎದ್ದು ನಿಂತಿದ್ದ. ಕುರ್ಚಿ ಹಿಂದಕ್ಕೆ ಉರುಳಿತು. ಅವನ ಕೈ ಮೇಲೆದ್ದಿತ್ತು. ಡ್ರೈವರನ ಹೆಂಡತಿ ಹೆದರಿ ಗಂಡನ ಮೈಗೆ ಅಂಟಿಕೊಂಡಳು. ತಾಯಿ ಮಾತ್ರ ಅಲುಗಲಿಲ್ಲ. ಓಡುವ ಶಕ್ತಿ ಇದ್ದಿದ್ದರೆ ಓಡುತ್ತಿದ್ದಳೇನೋ.

ಅಷ್ಟರಲ್ಲಿ ಮಗಳು ಇಬ್ಬರ ನಡುವೆ ಬಂದು ನಿಂತಳು. ಎಡಗಾಲು ಮುಂದೆ, ಗದ್ದ ಕೆಳಗೆ, ಎರಡೂ ಮುಷ್ಟಿ ಮೇಲೆ. ಹೆಬ್ಬೆರಳು ಮುಷ್ಟಿಯ ಹೊರಗೆ. ಒಂದಾನೊಂದು ರಜೆಯಲ್ಲಿ, ಹೆಣ್ಣುಮಗಳು, ತನ್ನನ್ನು ತಾನು ಕಾಪಾಡಿಕೊಳ್ಳಲಿ ಎಂದು ಅವನೇ ಹಿತ್ತಲಲ್ಲಿ ನಿಲ್ಲಿಸಿ ಕಲಿಸಿದ ನಿಲುವು ಅದು. ಅವಳ ಗೆಣ್ಣುಗಳ ಗಾಯ ಬಿರಿದು ರಕ್ತ ಜಿನುಗುತ್ತಿತ್ತು. ಅವಳ ಕಣ್ಣಲ್ಲಿ ಅಪ್ಪನೆಂಬ ಗುರುತೇ ಇರಲಿಲ್ಲ.

ಆ ಕಣ್ಣನ್ನು ಅವನು ಬಲ್ಲ. ಅಂಥ ಕಣ್ಣನ್ನು ಅವನು ಎಲ್ಲೆಲ್ಲಿ ನೋಡಿದ್ದನೋ ದೇವರಿಗೇ ಗೊತ್ತು. ಮೇಲೆದ್ದ ಕೈ ನಿಧಾನವಾಗಿ ಕೆಳಗೆ ಬಂತು. ಅವನು ನೆಲದ ಮೇಲೆ ಮೊಣಕಾಲೂರಿ ಕೂತುಬಿಟ್ಟ, ಅವಳು ಐದು ವರ್ಷದವಳಿದ್ದಾಗ ಬೂಟಿನ ಲೇಸು ಕಟ್ಟಲು ಕೂರುತ್ತಿದ್ದ ಹಾಗೆ.

"ಅವತ್ತು ತಪ್ಪು ನಿಂದಲ್ಲ ಮಗಳೇ" ಎಂದ. "ನಂದು."

ಮಗಳ ಮುಷ್ಟಿ ಇಳಿಯಲಿಲ್ಲ.

"ಕೇಳು. ನೀನು ನನ್ನನ್ನ ಚಹಾಕ್ಕೆ ಎಬ್ಬಿಸಿದೆ. ಅಷ್ಟೇ ನೀನು ಮಾಡಿದ್ದು. ನಾನು ನಿನ್ನ ಕೈ ಮುರಿದೆ. ತಪ್ಪು ನಂದು ಅಂತ ನೀನು ಬಂದು ಹೇಳಿದೆಯಲ್ಲ... ಅದು ಸುಳ್ಳು ಅಂತ ನಂಗೆ ಅವತ್ತೇ ಗೊತ್ತಿತ್ತು. ಆದರೂ ಒಪ್ಪಿಕೊಂಡೆ. ಒಪ್ಪಿಕೊಂಡರೆ ಹಗುರಾಗ್ತಿತ್ತು ಮಗಳೇ! ಹದಿಮೂರು ವರ್ಷದ ಮಗುವಿನ ತಲೆ ಮೇಲೆ ನನ್ನ ಭಾರ ಇಳಿಸಿ ರೈಲು ಹತ್ತಿದೆ... ಯುದ್ಧಕ್ಕೆ ಹೋಗೋನು ಅಂತ ಎಲ್ಲರೂ ನನಗೆ ಮಾಫಿ ಕೊಟ್ರು. ನೀನೂ ಕೊಟ್ಟೆ. ನಾನು ಕೇಳಲೇ ಇಲ್ಲ, ಆದರೂ ಕೊಟ್ಟೆ."

ಹುಡುಗಿ ಅಪ್ಪನನ್ನೇ ನೋಡುತ್ತಿದ್ದಳು. ಲೆಕ್ಕ ಬಿಡಿಸುವಾಗ ಮಾಡುವ ಹಾಗೆ ಹುಬ್ಬು ಗಂಟಿಕ್ಕಿದಳು. ತುಟಿ ಎರಡು ಸಲ ಅಲುಗಿತು. ಆಮೇಲೆ ಬಹಳ ಸಣ್ಣ ದನಿಯಲ್ಲಿ ಕೇಳಿದಳು:

"ಅವತ್ತಿನದು ನಿಮ್ಮದಾದರೆ... ಇದು ನಂದಾ ಅಪ್ಪ?"

ಉತ್ತರ ಅವಳಿಗೇ ಬರುತ್ತಿತ್ತು, ಎಲ್ಲರಿಗೂ ಕಾಣುವಂತೆ ಅವಳ ಮುಖದ ಮೇಲೆ ಬರುತ್ತಿತ್ತು. ಮುಷ್ಟಿಗಳು ಬಿಚ್ಚಿಕೊಂಡವು.

"ಮೊದಲನೇ ಏಟು ಹೇಗೆ ಬಿತ್ತೋ ಗೊತ್ತಿಲ್ಲ" ಎಂದು ಅವಳು ಡ್ರೈವರನ ಹೆಂಡತಿಯ ಕಡೆ ತಿರುಗಿದಳು. "ಆದರೆ ಆಮೇಲೆ ಅವಳ ಮುಖ ಕಾಣಿಸ್ತು ಆಂಟಿ. ಅವಳೇ ಅಂತ ಗೊತ್ತಾಯ್ತು. ಅವಳು ನಗ್ತಾ ಇದ್ಲು, ಇನ್ನೂ ತಮಾಷೆ ಅಂದ್ಕೊಂಡು ನಗ್ತಾನೇ ಇದ್ಲು... ಗೊತ್ತಾದ ಮೇಲೂ ನಾನು ಎರಡು ಹೊಡೆದೆ! ಗೊತ್ತಾದ ಮೇಲೂ! ಅಮ್ಮಾ, ನಾನೇ ಹೊಡೆದೆ ಅಮ್ಮಾ!"

ಮೂರು ವರ್ಷದಿಂದ ಬಾರದ ಅಳು ಆಗ ಬಂತು. ಅವಳು ಉಸಿರು ಸಿಗದೆ, ಬಿಕ್ಕಿ ಬಿಕ್ಕಿ, ಮುಖ್ಯೋಪಾಧ್ಯಾಯಿನಿಯ ಮೇಜಿನ ಕಾಲು ಹಿಡಿದುಕೊಂಡು ಅತ್ತಳು. ಡ್ರೈವರನ ಹೆಂಡತಿಯ ಕಣ್ಣಲ್ಲೂ ನೀರು ಸುರಿಯುತ್ತಿತ್ತು. ಆದರೆ ಅವಳು ಎದ್ದು ಬಂದು ತಬ್ಬಿಕೊಳ್ಳಲಿಲ್ಲ. ಹಾಗೆಲ್ಲ ಆಗುವುದು ಬೇರೆ ಕಥೆಗಳಲ್ಲಿ. ಡ್ರೈವರ್ ಬಹಳ ಹೊತ್ತು ತನ್ನ ಟೋಪಿಯನ್ನು ತಿರುಗಿಸುತ್ತ ಕೂತಿದ್ದು ಕೊನೆಗೆ ಹೇಳಿದ:

"ಕ್ಷಮಿಸಿದೆ ಅಂತ ಹೇಳೋಕೆ ನನ್ನ ಕೈಲಿ ಆಗಲ್ಲ ಮೇಡಂ. ಸ್ಟೇಷನ್ನಿಗೆ ಹೋಗಲ್ಲ. ಅಷ್ಟೇ."

ಹುಡುಗಿ ಒಂದು ವರ್ಷ ಶಾಲೆಗೆ ಬರುವಂತಿಲ್ಲ, ವಾರಕ್ಕೊಮ್ಮೆ ಮನೋವೈದ್ಯರನ್ನು ಕಾಣಬೇಕು ಎಂದು ತೀರ್ಮಾನವಾಯಿತು. ಡ್ರಿಲ್ ಮೇಷ್ಟ್ರ ಕೆಲಸದ ಮಾತನ್ನು ಮುಖ್ಯೋಪಾಧ್ಯಾಯಿನಿ ಎತ್ತಲಿಲ್ಲ. ಎತ್ತುವ ಮೊದಲೇ ಯೋಧ ಜೇಬಿನಲ್ಲಿದ್ದ ನೇಮಕಾತಿ ಪತ್ರವನ್ನು ತೆಗೆದು, ಅದರ ಮಡಿಕೆ ಬಿಡಿಸಿ, ಮೇಜಿನ ಮೇಲಿಟ್ಟ. ಆಮೇಲೆ ಬಿದ್ದಿದ್ದ ಕುರ್ಚಿಯನ್ನು ಎತ್ತಿ ಮೊದಲಿದ್ದ ಜಾಗದಲ್ಲಿ ನಿಲ್ಲಿಸಿದ.

ಹತ್ತು ದಿನಗಳ ನಂತರ ಅವನು ಮನಸ್ಸಿನ ಗಾಯಕ್ಕೆ ಚಿಕಿತ್ಸೆ ಕೊಡುವ ಸೈನಿಕರ ಆಸ್ಪತ್ರೆಗೆ ಹೊರಟ. ದೂರದ ಊರು, ಎಷ್ಟು ತಿಂಗಳಾಗುತ್ತದೋ ಹೇಳಲಾಗದು ಎಂದಿದ್ದರು. ಅಷ್ಟು ದಿನವೂ ಅತ್ತೆ ಸೊಸೆಯ ಜೊತೆ ಒಂದು ಮಾತಾಡಿರಲಿಲ್ಲ. ತಟ್ಟೆಯನ್ನು ಅವಳ ಮುಂದಕ್ಕೆ ತಳ್ಳುವುದು, ತಾನು ಗೋಡೆ ನೋಡುವುದು. ಮಗ ಚೀಲ ಹೆಗಲಿಗೇರಿಸಿ ಕಾಲು ಮುಟ್ಟಲು ಬಗ್ಗಿದಾಗ ಮಾತ್ರ ಆಕೆ ಅವನ ಅಂಗಿ ಹಿಡಿದುಕೊಂಡಳು.

"ಅಲ್ಲಪ್ಪಾ... ಈ ಆಸ್ಪತ್ರೆ ನಿಮ್ಮಪ್ಪನ ಕಾಲದಲ್ಲೂ ಇತ್ತಾ?"

ಮಗ ಚೀಲವನ್ನು ಕೆಳಗಿಟ್ಟ. "ಇತ್ತಮ್ಮ" ಎಂದ.

"ಹೌದಾ" ಎಂದಳು ಮುದುಕಿ. ಅಂಗಿ ಬಿಟ್ಟಳು. ಒಳಗೆ ಹೋಗಿ ಮಂಚದ ಮೇಲೆ ಕೂತು, ಖಾಲಿ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅವತ್ತು ಸಂಜೆ ಮೊದಲ ಸಲ ಸೊಸೆಯನ್ನು, "ಊಟ ಮಾಡಿದೆಯಾ?" ಎಂದು ಕೇಳಿದಳು.

ಅವನು ಹೋದ ಮೇಲಿನ ಭಾನುವಾರ ತಾಯಿ ಮಗಳು ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದರು. ಹುಡುಗಿ ಬೆಳಿಗ್ಗೆ ಗೆಳತಿಯ ಮನೆಯ ಬಾಗಿಲವರೆಗೆ ಹೋಗಿ ಬಂದಿದ್ದಳು. ಒಳಗೆ ಕರೆದಿರಲಿಲ್ಲ. ಇನ್ನೊಮ್ಮೆ ಹೋಗುತ್ತೇನೆ ಎಂದಿದ್ದಳು. ತಾಯಿ ಒದ್ದೆ ಬಟ್ಟೆಯನ್ನು ಝಾಡಿಸಿ ಕೊಡುತ್ತಿದ್ದಳು, ಮಗಳು ಹಗ್ಗಕ್ಕೆ ಹಾಕಿ ಕ್ಲಿಪ್ಪು ಸಿಕ್ಕಿಸುತ್ತಿದ್ದಳು. ಎಲ್ಲ ಹೇಳಿ ಮುಗಿಯಿತು, ಮಗಳನ್ನು ಉಳಿಸಿಕೊಂಡೆ ಎಂದು ತಾಯಿಯ ಮನಸ್ಸು ಒಂದಿಷ್ಟು ಹಗುರವಾಗಿತ್ತು. ಇಷ್ಟು ದಿನದ ದಣಿವು ಇನ್ನಾದರೂ ಇಳಿಯಬಹುದು ಎಂದುಕೊಂಡಿದ್ದಳು.

"ಅಮ್ಮ" ಎಂದಳು ಮಗಳು, ಹಗ್ಗದ ಆಚೆಯಿಂದ.

"ಹೂಂ?"

"ನೀನು ಅವತ್ತೇ ಹೇಳಬಹುದಿತ್ತಲ್ವಾ?"

ತಾಯಿಯ ಬಳಿ ಉತ್ತರಗಳಿದ್ದವು. ಅವನು ಗಡಿಗೆ ಹೊರಟಿದ್ದ, ಅತ್ತೆಯ ಮಾತು ಮೀರುವಂತಿರಲಿಲ್ಲ, ನೀನಿನ್ನೂ ಚಿಕ್ಕವಳು ಮರೆತುಬಿಡುತ್ತೀಯ ಎಂದುಕೊಂಡೆ, ನನಗೂ ಹೆದರಿಕೆಯಾಗಿತ್ತು... ಒಂದೊಂದೂ ನಿಜ. ಮೂರು ವರ್ಷದಿಂದ ತನಗೆ ತಾನೇ ಹೇಳಿಕೊಂಡು ಹೇಳಿಕೊಂಡು ನುಣ್ಣಗಾದ ಉತ್ತರಗಳು. ಈಗ ಅವುಗಳಲ್ಲಿ ಒಂದನ್ನು ಎತ್ತಿಕೊಟ್ಟರೆ, ಮಗಳು ಅದನ್ನೂ ಒಪ್ಪಿಕೊಂಡುಬಿಡುತ್ತಾಳೆ.

"ಹೇಳಬಹುದಿತ್ತು" ಎಂದಳು ತಾಯಿ.

ಹಗ್ಗದ ಆಚೆಯಿಂದ ಬಹಳ ಹೊತ್ತಿನ ಮೇಲೆ ಒಂದು ಕೈ ಮಾತ್ರ ಮುಂದಕ್ಕೆ ಚಾಚಿಕೊಂಡಿತು. ತಾಯಿ ಅದಕ್ಕೆ ಮುಂದಿನ ಬಟ್ಟೆ ಕೊಟ್ಟಳು.